ಮರಿ ಬಿಯರ್ಡೆಡ್ ಡ್ರ್ಯಾಗನ್ ಊಟ ಬಿಟ್ಟು ಮಲಗಿದೆಯಾ? 'ಚಳಿನಿದ್ದೆ' ಅಂತ ಸುಮ್ಮನಿರಬೇಡಿ

ಈ ವಾರದ ಲೇಖನದಲ್ಲಿ ಡ್ರ್ಯಾಗನ್ ಅಂತ ಓದಿದ ಕೂಡಲೇ ಡ್ರ್ಯಾಗನ್ ಫ್ರೂಟ್ ಬೇಸಾಯ ಅಂದುಕೊಳ್ಳಬೇಡಿ. ಇದು ಬಿಯರ್ಡೆಡ್ ಡ್ರ್ಯಾಗನ್, ಅಂದರೆ ಗಡ್ಡದ ಓತಿಯ ವಿಷಯ. ನಮ್ಮ ಬೇಲಿ ಮೇಲೆ ತಲೆ ಆಡಿಸುವ ಓತಿಕ್ಯಾತನ ಕುಟುಂಬಕ್ಕೇ ಸೇರಿದ, ಆಸ್ಟ್ರೇಲಿಯಾದ ಒಳನಾಡಿನ ಒಣ ಪ್ರದೇಶದ ಪ್ರಾಣಿ. ಈಗ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬೆಳೀತಾ ಇದೆ.

ಕೃಷಿ ಪುಟದಲ್ಲಿ ಇದು ಯಾಕೆ ಅಂತ ಕೇಳಬಹುದು. ಹೇರೋಹಳ್ಳಿ, ಸುಂಕದಕಟ್ಟೆ, ವಿಜಯನಗರ, ಬಸವೇಶ್ವರನಗರದ ಕಡೆ ನಾವು ವಾರಕ್ಕೊಮ್ಮೆ ಸಾವಯವ ಸೊಪ್ಪು ಕೊಡ್ತೀವಿ. ಅದರಲ್ಲಿ ಕೆಲವು ಮನೆಯವರು ಸೊಪ್ಪು ತಗೊಳ್ಳೋದು ತಮಗಲ್ಲ, ಮಕ್ಕಳು ಸಾಕಿರೋ ಈ ಪ್ರಾಣಿಗೆ. ಔಷಧಿ ಹೊಡೆಯದ ಸೊಪ್ಪು ಬೇಕು ಅಂತ ಹುಡುಕಿಕೊಂಡು ಬರ್ತಾರೆ. ಡಿಸೆಂಬರ್ ಬಂತು ಅಂದ್ರೆ ಅವರೆಲ್ಲ ಕೇಳೋದು ಒಂದೇ ಪ್ರಶ್ನೆ: "ಸರ್, ಐದು ದಿನದಿಂದ ಏನೂ ತಿಂತಿಲ್ಲ, ಮೂಲೆಯಲ್ಲಿ ಕಣ್ಣು ಮುಚ್ಚಿ ಮಲಗಿದೆ. ಇದು ಬ್ರುಮೇಷನ್ ಅಂತೆ. ಹಾಗೇ ಬಿಟ್ಟುಬಿಡಬಹುದಲ್ವಾ?"

ಪ್ರಾಣಿಗೆ ಎಷ್ಟು ವಯಸ್ಸು ಅಂತ ಕೇಳಿದರೆ ಉತ್ತರ ಹೆಚ್ಚಾಗಿ ನಾಲ್ಕು ತಿಂಗಳು, ಆರು ತಿಂಗಳು ಅಂತಲೇ ಇರುತ್ತೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಒಂದು ವರ್ಷ ತುಂಬದ ಮರಿ ಊಟ ಬಿಟ್ಟು ಮಲಗಿದರೆ ಬ್ರುಮೇಷನ್ ಅನ್ನೋದು ನಮ್ಮ ಕೊನೆಯ ಉತ್ತರ ಆಗಬೇಕು, ಮೊದಲನೆಯದಲ್ಲ. ಅದಕ್ಕಿಂತ ಮೊದಲು ಪೆಟ್ಟಿಗೆಯ ಬಿಸಿ, ಬೆಳಕು, ಮರಿಯ ತೂಕ, ಹಿಕ್ಕೆ, ಕೊನೆಗೆ ವೈದ್ಯರು, ಇಷ್ಟೂ ನೋಡಿ ಆಗಿರಬೇಕು.

ಬ್ರುಮೇಷನ್ ಅಂದರೆ ಏನು, ಏನಲ್ಲ

ಹಲ್ಲಿ, ಓತಿ, ಹಾವು, ಆಮೆ ಇವೆಲ್ಲ ಹೊರಗಿನ ಬಿಸಿಯಿಂದ ಮೈ ಬಿಸಿ ಮಾಡಿಕೊಳ್ಳುವ ಜೀವಿಗಳು. ಚಳಿಗಾಲದಲ್ಲಿ ಬಿಸಿ ಸಿಗದಿದ್ದಾಗ ಇವು ಊಟ ಬಿಟ್ಟು ಬಿಲದಲ್ಲಿ ಸೇರಿ ಮಂದವಾಗಿ ಕಾಲ ಕಳೆಯುತ್ತವೆ. ಕರಡಿಯಂಥ ಬಿಸಿರಕ್ತದ ಪ್ರಾಣಿಗಳ ಚಳಿನಿದ್ದೆಯಿಂದ ಬೇರೆ ಮಾಡಿ ಹೇಳಲು ಇದಕ್ಕೆ ಬ್ರುಮೇಷನ್ ಅನ್ನೋ ಹೆಸರು ಬಳಸ್ತಾರೆ. ಇದು ಸತತ ನಿದ್ದೆಯಲ್ಲ. ನಡುವೆ ಎದ್ದು ನೀರು ಕುಡಿಯುತ್ತೆ, ಜಾಗ ಬದಲಿಸುತ್ತೆ, ಮತ್ತೆ ಮಲಗುತ್ತೆ. ಕೆಲವು ವಾರದಿಂದ ಮೂರ್ನಾಲ್ಕು ತಿಂಗಳವರೆಗೂ ನಡೆಯಬಹುದು.

ಇದರಲ್ಲಿ ಒಂದು ಮುಖ್ಯ ಸಂಗತಿ ಇದೆ. ಬ್ರುಮೇಷನ್ ಅಂದರೆ ಬರೀ ಚಳಿಗೆ ಮರಗಟ್ಟಿ ಬಿದ್ದಿರೋದಲ್ಲ, ದೇಹವೇ ಮಾಡಿಕೊಳ್ಳುವ ಒಂದು ವ್ಯವಸ್ಥೆ. ಆಸ್ಟ್ರೇಲಿಯಾದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಳಿನಿದ್ದೆಯಲ್ಲಿದ್ದ ಮತ್ತು ಅದರಿಂದ ಎದ್ದ ಬಿಯರ್ಡೆಡ್ ಡ್ರ್ಯಾಗನ್‌ಗಳ ಮಿದುಳು, ಹೃದಯ, ಸ್ನಾಯುಗಳಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಅಂತ ಹೋಲಿಸಿ ನೋಡಿದರು. ಎರಡು ಸ್ಥಿತಿಗೂ ಸ್ಪಷ್ಟ ವ್ಯತ್ಯಾಸ ಇತ್ತು. ಮಿದುಳಿನ ಕೋಶಗಳನ್ನು ಕಾಪಾಡುವ ಕೆಲಸವೂ ನಡೆದಿತ್ತು. ಅಂದರೆ ಕೊಬ್ಬು ಕೂಡಿಟ್ಟುಕೊಂಡು ತಯಾರಾದ ದೇಹ ಬೇರೆ, ಬಲ್ಬು ಸಾಲದೆ ತಣ್ಣಗಾಗಿ ಬಿದ್ದಿರುವ ದೇಹ ಬೇರೆ. ಹೊರಗಿನಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮೋಸ ಆಗೋದು ಅಲ್ಲೇ.

ರೇಷ್ಮೆ ಸಾಕುವವರಿಗೆ ಇದು ಹೊಸದಲ್ಲ

ಮಾಗಡಿ, ರಾಮನಗರದ ಕಡೆ ರೇಷ್ಮೆ ಸಾಕುವವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮುಂಚೆ, ತಲೆ ಎತ್ತಿಕೊಂಡು ಅಲುಗಾಡದೆ ಸುಮಾರು ಒಂದು ದಿನ ಏನೂ ತಿನ್ನೋದಿಲ್ಲ. ಆಗ ಯಾರೂ ಗಾಬರಿ ಬೀಳಲ್ಲ. ಸೊಪ್ಪು ಹಾಕೋದು ನಿಲ್ಲಿಸಿ, ತಟ್ಟೆ ಒಣಗಿರೋ ಹಾಗೆ ನೋಡಿಕೊಂಡು ಕಾಯ್ತಾರೆ. ಆದರೆ ಜ್ವರ ಎದ್ದು ಎರಡು ದಿನ ಆದ ಮೇಲೆ ಹುಳು ಸೊಪ್ಪು ಮುಟ್ಟದೆ ಮೆತ್ತಗಾಗಿ ಬಿದ್ದಿದ್ದರೆ ಅದು ಸಪ್ಪೆ ರೋಗ ಇರಬೇಕು ಅಂತ ತಕ್ಷಣ ಗುರುತಿಸ್ತಾರೆ. ಎರಡು ಸಲವೂ ಹುಳು ತಿನ್ನುತ್ತಿರೋದಿಲ್ಲ. ಒಂದು ಸಹಜ, ಇನ್ನೊಂದು ರೋಗ. ರೈತ ಹೇಗೆ ಗುರುತಿಸಿದ? ಹುಳುವಿನ ವಯಸ್ಸು ಗೊತ್ತಿತ್ತು, ಯಾವ ದಿನಕ್ಕೆ ಯಾವ ಜ್ವರ ಬರಬೇಕು ಅನ್ನೋ ಲೆಕ್ಕ ಇತ್ತು, ಮೈ ಮುಟ್ಟಿ ನೋಡಿದ.

ತೋಟದಲ್ಲೂ ಹೀಗೇ. ಸುವರ್ಣಗಡ್ಡೆಯ ಎಲೆ ನವೆಂಬರ್‌ನಲ್ಲಿ ಹಳದಿಯಾಗಿ ಮಲಗಿದರೆ ಗಡ್ಡೆ ಬಲಿತಿದೆ ಅಂತ ಅರ್ಥ, ಕೀಳಲು ತಯಾರಿ ಮಾಡ್ತೀವಿ. ಅದೇ ಎಲೆ ಆಗಸ್ಟ್‌ನಲ್ಲಿ ಹಳದಿಯಾದರೆ ಬುಡ ಕೊಳೆತಿದೆಯಾ ಅಂತ ಮಣ್ಣು ಕೆದಕಿ ನೋಡ್ತೀವಿ. ಎಲೆಯ ಬಣ್ಣ ಒಂದೇ ಆದರೂ ಹೊತ್ತು ಬೇರೆ, ವಯಸ್ಸು ಬೇರೆ. ನಾಲ್ಕು ತಿಂಗಳ ಓತಿ ಮರಿ ಮಲಗೋದನ್ನ ನಾನು ಆಗಸ್ಟ್‌ನಲ್ಲಿ ಹಳದಿಯಾದ ಎಲೆಯ ಥರವೇ ನೋಡ್ತೀನಿ.

ಬೆಂಗಳೂರಿನ ಚಳಿಯ ತೊಡಕು

ನಮ್ಮೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿಗೆ ಇಳಿಯುತ್ತೆ, ಹಗಲು 27 ಡಿಗ್ರಿ ಆಸುಪಾಸು. ಮೋಡ ಕವಿದ ದಿನ ಹಗಲೂ ತಣ್ಣಗೇ ಇರುತ್ತೆ. ಇನ್ನು ನಮ್ಮ ಕಡೆಯ ಮನೆಗಳನ್ನ ನೋಡಿ. 30x40 ಸೈಟಿನಲ್ಲಿ ಒತ್ತೊತ್ತಾಗಿ ಕಟ್ಟಿದ ಮನೆಗಳು, ಕೆಳಗಿನ ಅಂತಸ್ತಿಗೆ ಬಿಸಿಲೇ ಬರಲ್ಲ, ನೆಲಕ್ಕೆ ಗ್ರಾನೈಟ್ ಇಲ್ಲಾ ಟೈಲ್ಸ್. ಆ ನೆಲದ ಮೇಲೆ ಇಟ್ಟ ಗಾಜಿನ ಪೆಟ್ಟಿಗೆ ದಿನವಿಡೀ 21-24 ಡಿಗ್ರಿಯಲ್ಲೇ ಇದ್ದುಬಿಡುತ್ತೆ.

ಮನುಷ್ಯರಿಗೆ ಇದು ಹಿತವಾದ ಹವೆ. ಮರಿಗೆ ಇದು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ತಿಂದಿದ್ದು ಅರಗಲು ಬೇಕಾದಷ್ಟು ಬಿಸಿ ಇಲ್ಲ, ದೇಹದ ಖರ್ಚು ಪೂರ್ತಿ ಕಡಿಮೆಯಾಗುವಷ್ಟು ಚಳಿಯೂ ಇಲ್ಲ. ಹಾಗಾಗಿ ಮರಿ ಊಟ ಬಿಡುತ್ತೆ, ಆದರೆ ಒಳಗಿನ ಶಕ್ತಿ ಕರಗ್ತಾನೇ ಇರುತ್ತೆ. ಹಗಲಿನ ಅವಧಿ ಕೂಡ ನಮ್ಮಲ್ಲಿ ಅಷ್ಟೇನೂ ಕುಗ್ಗಲ್ಲ. ವರ್ಷದ ಅತಿ ಚಿಕ್ಕ ಹಗಲೂ ಬೆಂಗಳೂರಿನಲ್ಲಿ 11 ಗಂಟೆಗಿಂತ ಹೆಚ್ಚೇ ಇರುತ್ತೆ. ಪೆಟ್ಟಿಗೆಯೊಳಗೆ ಒಳ್ಳೆ ದೀಪ, ಸರಿಯಾದ ಬಿಸಿ ಇದ್ದರೆ ಮರಿಗೆ ಚಳಿಗಾಲ ಬಂದಿದೆ ಅಂತ ಅನ್ನಿಸಲು ಕಾರಣವೇ ಕಡಿಮೆ. ಅದಕ್ಕೇ ಮರಿ ಮಲಗಿದರೆ ನಾನು ಮೊದಲು ಪೆಟ್ಟಿಗೆ ಮೇಲೆ ಅನುಮಾನ ಪಡ್ತೀನಿ.

ಸಾವನದುರ್ಗದ ಬಂಡೆ ಮೇಲಿನ ಓತಿಗಳನ್ನ ನೋಡಿ. ಡಿಸೆಂಬರ್‌ನಲ್ಲೂ ಬಿಸಿಲು ಏರಿದ ಮೇಲೆ ಬಂಡೆಗೆ ಬಂದು ಮೈ ಕಾಯಿಸಿಕೊಳ್ಳುತ್ತವೆ, ಸಾಕಾದರೆ ಸಂದಿಗೆ ಸೇರುತ್ತವೆ. ಯಾವ ಬಂಡೆ, ಯಾವ ಹೊತ್ತು, ಎಷ್ಟು ಬಿಸಿ ಅನ್ನೋದು ಅವುಗಳ ಇಷ್ಟ. ಪೆಟ್ಟಿಗೆಯಲ್ಲಿರೋ ಮರಿಗೆ ಆ ಆಯ್ಕೆ ಇಲ್ಲ. ನಾವು ಕೊಟ್ಟಷ್ಟೇ ಬಿಸಿಲು, ನಾವು ಕೊಟ್ಟಷ್ಟೇ ಬಿಸಿ.

'ಪ್ರಕೃತಿ ಸಹಜ, ಬಿಟ್ಟುಬಿಡಿ' ಅನ್ನೋರಿಗೆ

ಕಾಡಿನಲ್ಲಿ ಮರಿಗಳೂ ಚಳಿಗಾಲ ಕಾಣುತ್ತವಲ್ಲ, ಇಲ್ಯಾಕೆ ತಡೀಬೇಕು ಅಂತ ಕೆಲವರು ವಾದ ಮಾಡ್ತಾರೆ. ವಾದದಲ್ಲಿ ಅರ್ಧ ಸತ್ಯ ಇದೆ. ಆಸ್ಟ್ರೇಲಿಯಾದಲ್ಲಿ ಬೇಸಿಗೆಯಲ್ಲಿ ಹುಟ್ಟಿದ ಮರಿಗಳು ಜೂನ್‌ನಿಂದ ಆಗಸ್ಟ್‌ವರೆಗಿನ ಅಲ್ಲಿನ ಚಳಿಗಾಲ ದಾಟಲೇಬೇಕು. ಆದರೆ ಅಲ್ಲಿ ಒಂದು ಹೆಣ್ಣು ಒಂದು ಸಲಕ್ಕೆ ಇಪ್ಪತ್ತರ ಆಸುಪಾಸು ಮೊಟ್ಟೆ ಇಡುತ್ತೆ. ಅದರಲ್ಲಿ ಕೆಲವೇ ಕೆಲವು ಉಳಿದು ದೊಡ್ಡವಾದರೂ ಸಂತತಿ ನಡೆಯುತ್ತೆ. ನಿಮ್ಮ ಮನೆಯಲ್ಲಿರೋದು ಒಂದೇ ಮರಿ. ಕಾಡಿನ ಲೆಕ್ಕ ಅದಕ್ಕೆ ಹಾಕಲು ಆಗಲ್ಲ.

ನಾನು ಸಾವಯವದವನು, ಪ್ರಕೃತಿ ಮಾತು ನನಗೂ ಇಷ್ಟ. ಆದರೆ ಸಾವಯವ ಅಂದರೆ ಕೈಕಟ್ಟಿ ಕೂರೋದಲ್ಲ. ರಾಸಾಯನಿಕ ಹಾಕದವನು ದಿನಕ್ಕೆ ಎರಡು ಸಲ ಎಲೆ ತಿರುಗಿಸಿ ನೋಡಬೇಕು. ಪ್ರಾಣಿಗೂ ಹಾಗೇ.

ಮರಿಗೆ ಬ್ರುಮೇಷನ್ ಬೇಡ ಅನ್ನಲು ಕಾರಣ ಸರಳ. ಮೊದಲ ವರ್ಷದಲ್ಲಿ ಮೂಳೆ, ಸ್ನಾಯು ಬೆಳೆಯೋ ವೇಗ ಹೆಚ್ಚು. ತಿಂದಿದ್ದೆಲ್ಲ ಬೆಳವಣಿಗೆಗೆ ಹೋಗುತ್ತೆ, ಕೂಡಿಡೋ ಕೊಬ್ಬು ಕಡಿಮೆ. ದೊಡ್ಡ ಪ್ರಾಣಿ ಒಂದೆರಡು ತಿಂಗಳು ಉಪವಾಸ ತಡೆಯುತ್ತೆ, ಮರಿ ತಡೆಯಲ್ಲ. ಜೊತೆಗೆ ಮರಿಗಳಲ್ಲಿ ಊಟ ಬಿಡಿಸೋ ಕಾಯಿಲೆಗಳೂ ಹೆಚ್ಚು. ಕರುಳಿನ ಕಾಕ್ಸಿಡಿಯಾ, ಜಂತು, ಅಡಿನೋವೈರಸ್, ಸುಣ್ಣದಂಶ ಮತ್ತು ಯುವಿಬಿ ಕೊರತೆಯಿಂದ ಬರೋ ಮೂಳೆ ರೋಗ, ಇವೆಲ್ಲದರ ಮೊದಲ ಲಕ್ಷಣ ಒಂದೇ: ಮಂಕಾಗಿ ಮಲಗೋದು, ಊಟ ಬಿಡೋದು. ಬ್ರುಮೇಷನ್ ಅಂದುಕೊಂಡು ಮೂರು ವಾರ ಕಾದರೆ ಕಾಯಿಲೆಗೆ ಮೂರು ವಾರ ಕೊಟ್ಟಂತೆ.

ಮೊದಲು ಈ ಐದನ್ನು ನೋಡಿ

1. ಬಿಸಿ. ಮರಿ ಮೈ ಕಾಯಿಸೋ ಜಾಗದ ಮೇಲ್ಮೈ ಹಗಲಲ್ಲಿ 40 ಡಿಗ್ರಿ ಆಸುಪಾಸು ಇರಬೇಕು. ಪೆಟ್ಟಿಗೆಯ ಇನ್ನೊಂದು ತುದಿ 25-28 ಇರಲಿ, ಮರಿ ತನಗೆ ಬೇಕಾದಲ್ಲಿ ಓಡಾಡಿಕೊಳ್ಳುತ್ತೆ. ರಾತ್ರಿ 20ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಂಡರೆ ಒಳ್ಳೇದು. ಕೈ ಇಟ್ಟು ಅಂದಾಜು ಮಾಡಬೇಡಿ, ಅಳೆದು ನೋಡಿ. ಕೊರೊನಾ ಕಾಲದಲ್ಲಿ ತಂದ ಹಣೆಗೆ ಹಿಡಿಯೋ ಥರ್ಮಾಮೀಟರ್ ಸಾಮಾನ್ಯವಾಗಿ ಮನುಷ್ಯನ ಮೈಗೆ ಮಾತ್ರ ಮಾಡಿದ್ದು, ಇದಕ್ಕೆ ಆಗಲ್ಲ. ವಸ್ತುಗಳ ಬಿಸಿ ಅಳೆಯೋ ಇನ್‌ಫ್ರಾರೆಡ್ ಗನ್ ತಗೊಳ್ಳಿ. ಗಾಜಿಗೆ ಅಂಟಿಸೋ ಡಯಲ್ ಮೀಟರ್ ಗಾಜಿನ ಹತ್ತಿರದ ಗಾಳಿಯ ಬಿಸಿ ತೋರಿಸುತ್ತೆ ಅಷ್ಟೇ.

2. ಯುವಿಬಿ ದೀಪ. ಬಿಸಿ ಬಲ್ಬು ಬೇರೆ, ಯುವಿಬಿ ಬೇರೆ. ಯುವಿಬಿ ಇಲ್ಲದೆ ಮರಿ ವಿಟಮಿನ್ ಡಿ3 ಮಾಡಿಕೊಳ್ಳಲ್ಲ, ಡಿ3 ಇಲ್ಲದೆ ಕೊಟ್ಟ ಸುಣ್ಣದಂಶ ಮೈಗೆ ಹತ್ತಲ್ಲ. ಸಣ್ಣ ಸುರುಳಿ ಬಲ್ಬಿಗಿಂತ ಉದ್ದ ಟ್ಯೂಬ್ ವಾಸಿ. ಟ್ಯೂಬ್ ಉರಿಯುತ್ತಿದ್ದರೂ ಅದರ ಯುವಿಬಿ ಮಾತ್ರ ತಿಂಗಳು ಕಳೆದಂತೆ ಕುಗ್ಗುತ್ತೆ. ತಯಾರಕರು ಹೇಳಿದಂತೆ 6ರಿಂದ 12 ತಿಂಗಳಿಗೆ ಬದಲಿಸಿ. ಮೇಲಿನ ದಟ್ಟ ಜಾಲರಿಯೂ ಕಿರಣದ ಒಂದು ಪಾಲನ್ನು ತಡೆಯುತ್ತೆ. ಮರಿಗೆ ದೀಪದ ಬೆಳಕು ದಿನಕ್ಕೆ 12-13 ಗಂಟೆ ಸಿಗಲಿ. ಚಳಿಗಾಲ ಅಂತ ಕಡಿಮೆ ಮಾಡಬೇಡಿ.

3. ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಡಬ್ಬಿಯಲ್ಲಿ ಕೂರಿಸಿ ವಾರಕ್ಕೆರಡು ಸಲ ತೂಗಿ, ತಾರೀಖು ಹಾಕಿ ಬರೆದಿಡಿ. ಮರಿಯ ತೂಕ ವಾರ ವಾರ ಏರಬೇಕು. 120 ಗ್ರಾಂ ಇದ್ದದ್ದು 108ಕ್ಕೆ ಬಂದರೆ ನೂರಕ್ಕೆ ಹತ್ತು ಹೋದಂತೆ, ಅಲ್ಲಿವರೆಗೆ ಕಾಯಲೇಬಾರದು. ಆರೋಗ್ಯವಾಗಿ ಚಳಿನಿದ್ದೆ ಮಾಡೋ ದೊಡ್ಡ ಪ್ರಾಣಿಯೇ ತೂಕ ಅಷ್ಟಾಗಿ ಕಳೆದುಕೊಳ್ಳಲ್ಲ.

4. ಹಿಕ್ಕೆ. ಕೊನೆಯದಾಗಿ ಯಾವತ್ತು ಹಾಕಿತು, ಹೇಗಿತ್ತು? ನೀರು ನೀರಾಗಿ ಕೆಟ್ಟ ವಾಸನೆ ಇದ್ದರೆ ಜಂತು ಅಥವಾ ಕಾಕ್ಸಿಡಿಯಾ ಅನುಮಾನ. ವಾರದಿಂದ ಹಾಕೇ ಇಲ್ಲ, ಹೊಟ್ಟೆ ಗಟ್ಟಿಯಾಗಿದೆ ಅಂದರೆ ಕರುಳು ಕಟ್ಟಿರಬಹುದು. ತಾಜಾ ಹಿಕ್ಕೆಯನ್ನ ಸಣ್ಣ ಡಬ್ಬಿಯಲ್ಲಿ ಹಾಕಿ ಅದೇ ದಿನ ಪರೀಕ್ಷೆಗೆ ಕೊಡಿ.

5. ಮೈ ಮತ್ತು ನಡೆ. ಕಣ್ಣು ಗುಳಿ ಬಿದ್ದಿದೆಯಾ, ಗಡ್ಡ ಸದಾ ಕಪ್ಪಾಗಿದೆಯಾ, ಬಾಯಲ್ಲಿ ನೊರೆ ಇದೆಯಾ, ಕಾಲ್ಬೆರಳು ನಡುಗುತ್ತಾ, ದವಡೆ ಮೆತ್ತಗಾಗಿದೆಯಾ, ಕಾಲು ಊದಿದೆಯಾ ನೋಡಿ. ಇದರಲ್ಲಿ ಒಂದು ಇದ್ದರೂ ಮುಂದಿನ ಸಾಲು ಓದೋ ಮೊದಲು ವೈದ್ಯರಿಗೆ ಫೋನ್ ಮಾಡಿ.

ಮೊದಲೆರಡರಲ್ಲಿ ಕೊರತೆ ಸಿಕ್ಕಿ, ಅದನ್ನ ಸರಿ ಮಾಡಿದರೆ ಬಹಳಷ್ಟು ಮರಿಗಳು ಎರಡು ಮೂರು ದಿನದಲ್ಲಿ ಎದ್ದು ಹುಳ ಹುಡುಕಲು ಶುರು ಮಾಡ್ತವೆ. ಎಲ್ಲ ಸರಿ ಮಾಡಿ ಮೂರು ದಿನ ಆದರೂ ತಿನ್ನದಿದ್ದರೆ, ಇಲ್ಲಾ ತೂಕ ಇಳೀತಾ ಇದ್ದರೆ, ಸರೀಸೃಪ ನೋಡುವ ವೈದ್ಯರ ಹತ್ತಿರ ಹೋಗಿ. ನಾಯಿ ಬೆಕ್ಕು ನೋಡುವ ಎಲ್ಲರೂ ಇದನ್ನ ನೋಡಲ್ಲ. ಹಾಗಾಗಿ ಪ್ರಾಣಿ ಚೆನ್ನಾಗಿರುವಾಗಲೇ ಫೋನ್ ಮಾಡಿ ವಿಚಾರಿಸಿಟ್ಟುಕೊಳ್ಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೂ ಕೇಳಬಹುದು. ಹೇರೋಹಳ್ಳಿಯಿಂದ ಅದು ಊರಿನ ಇನ್ನೊಂದು ಮೂಲೆ, ಟ್ರಾಫಿಕ್ಕಿನಲ್ಲಿ ಮರಿ ತಣ್ಣಗಾಗದಂತೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಡಬ್ಬಿ ಪಕ್ಕ ಇಟ್ಟುಕೊಂಡು ಹೋಗಿ.

ಪುಕ್ಕಟೆ ಔಷಧಿ: ಬೆಳಗಿನ ಬಿಸಿಲು

ನಮ್ಮೂರಿನ ಚಳಿಗಾಲದಲ್ಲಿ ಒಂದು ಒಳ್ಳೆಯದೂ ಇದೆ. ಮೋಡ ಇಲ್ಲದ ದಿನ ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೊಂದರ ನಡುವಿನ ಬಿಸಿಲಿಗೆ ಯಾವ ದೀಪವೂ ಸಮ ಅಲ್ಲ. ತಾರಸಿ ಮೇಲೆ 20-30 ನಿಮಿಷ ಸಾಕು. ಆದರೆ ಗಾಜಿನ ಪೆಟ್ಟಿಗೆ ಸಮೇತ ಬಿಸಿಲಿಗೆ ಇಡಬೇಡಿ. ಯುವಿಬಿ ಗಾಜು ದಾಟಲ್ಲ, ಒಳಗಿನ ಬಿಸಿ ಮಾತ್ರ ನಿಮಿಷಗಳಲ್ಲಿ ಜೀವಕ್ಕೆ ಅಪಾಯ ಆಗುವಷ್ಟು ಏರುತ್ತೆ. ಅದೇ ಕಾರಣಕ್ಕೆ ಮುಚ್ಚಿದ ಕಿಟಕಿ ಗಾಜಿನ ಹಿಂದಿನ ಬಿಸಿಲಿನಿಂದಲೂ ಪ್ರಯೋಜನ ಇಲ್ಲ. ಜಾಲರಿ ಪಂಜರ ಬಳಸಿ, ಅರ್ಧಕ್ಕೆ ಗೋಣಿಚೀಲ ಹೊದಿಸಿ ನೆರಳು ಮಾಡಿ, ಪಕ್ಕದಲ್ಲೇ ಕೂತಿರಿ. ಹೇರೋಹಳ್ಳಿ ಕೆರೆ ಕಡೆಯ ಹದ್ದುಗಳು, ಕಾಗೆ, ಬೆಕ್ಕು ಯಾವುದಕ್ಕೂ ಒಂದು ಕ್ಷಣ ಸಾಕು.

ಊಟ: ಸೊಪ್ಪಿಗಿಂತ ಮೊದಲು ಹುಳ

ಸೊಪ್ಪು ಮಾರುವ ನಾನೇ ಹೇಳ್ತಿದ್ದೀನಿ, ಮರಿಗೆ ಬರೀ ಸೊಪ್ಪು ಸಾಲದು. ಮೊದಲ ವರ್ಷ ಊಟದ ದೊಡ್ಡ ಪಾಲು ಹುಳಗಳೇ ಆಗಿರಬೇಕು, ದೊಡ್ಡದಾದ ಮೇಲೆ ಲೆಕ್ಕ ತಿರುಗುಮುರುಗು. ಹುಳದ ಗಾತ್ರ ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಕ್ರಿಕೆಟ್ ಹುಳ, ಡುಬಿಯಾ ಜಿರಳೆ, ಕಪ್ಪು ಸೈನಿಕ ನೊಣದ ಮರಿಹುಳು ಪೇಟೆಯಲ್ಲಿ ಸಿಗುತ್ತವೆ. ಇವುಗಳಲ್ಲಿ ಸೈನಿಕ ನೊಣದ ಮರಿಹುಳುವಿನಲ್ಲಿ ಸುಣ್ಣದಂಶ ಚೆನ್ನಾಗಿರುತ್ತೆ. ಉಳಿದವಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಬೇಕು.

ನಮ್ಮ ಭಾಗದವರಿಗೆ ಇನ್ನೊಂದು ಅನುಕೂಲ ರೇಷ್ಮೆ ಹುಳು. ಮೆತ್ತಗಿರುತ್ತೆ, ನೀರಿನಂಶ ಹೆಚ್ಚು, ಹಸಿವಿಲ್ಲದ ಮರಿಯೂ ಅದರ ಅಲುಗಾಟ ನೋಡಿ ಬಾಯಿ ಹಾಕೋದುಂಟು. ಆದರೆ ಸಾಕುವ ಮನೆಯಿಂದ ತರುವಾಗ ಎರಡು ಮಾತು ಕೇಳಿ. ತಟ್ಟೆಗೆ ವಿಜೇತ ಅಥವಾ ಬೇರೆ ಸೋಂಕುನಿವಾರಕ ಪುಡಿ ಯಾವಾಗ ಉದುರಿಸಿದ್ದು? ಮನೆಯಲ್ಲಿ ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಇದೆಯಾ? ಪುಡಿ ಬಿದ್ದ ಹುಳುವೂ ಬೇಡ, ರೋಗದ ಹುಳುವೂ ಬೇಡ. ಸಣ್ಣ ಮರಿಗೆ ಮೂರನೇ ಜ್ವರಕ್ಕಿಂತ ಮುಂಚಿನ ಸಣ್ಣ ಹುಳುಗಳೇ ಸರಿ.

ಹೊಲದ ಮಿಡತೆ ಹಿಡಿದು ಹಾಕೋರಿಗೆ ಒಂದು ಎಚ್ಚರಿಕೆ. ಡಿಸೆಂಬರ್ ನಮ್ಮ ಕಡೆ ಅವರೆ ಕಾಲ, ಕಾಯಿಕೊರಕಕ್ಕೆ ಔಷಧಿ ಹೊಡೆಯೋ ಕಾಲ. ಅಂಥ ಹೊಲದ ಮಿಡತೆ ಮರಿಯ ಹೊಟ್ಟೆಗೆ ಹೋಗಬಾರದು. ಮಿಂಚುಹುಳವಂತೂ ಒಂದೇ ಒಂದು ತಿಂದರೂ ಬಿಯರ್ಡೆಡ್ ಡ್ರ್ಯಾಗನ್ ಸಾಯಬಹುದು, ಅದರಲ್ಲಿ ಅಂಥ ವಿಷ ಇದೆ.

ಸೊಪ್ಪಿನಲ್ಲಿ ನುಗ್ಗೆ ಎಳೆಸೊಪ್ಪು, ದಾಸವಾಳದ ಎಲೆ ಮತ್ತು ಹೂ, ನವಿಲುಕೋಸಿನ ಎಲೆ, ಸ್ವಲ್ಪ ಕೊತ್ತಂಬರಿ, ತುರಿದ ಸಿಹಿಕುಂಬಳ ಅದಲು ಬದಲಾಗಿ ಕೊಡಿ. ಪಾಲಕ್‌ನಲ್ಲಿ ಆಕ್ಸಲೇಟ್ ಹೆಚ್ಚು, ಅದು ಸುಣ್ಣದಂಶವನ್ನ ಹಿಡಿದಿಟ್ಟುಕೊಳ್ಳುತ್ತೆ. ದಿನಾ ಬೇಡ. ಬೆಣ್ಣೆಹಣ್ಣು ಬೇಡವೇ ಬೇಡ. ಮಾರುಕಟ್ಟೆಯ ಎಲೆಕೋಸು, ಹೂಕೋಸಿನ ಹೊರಎಲೆಗಳನ್ನ ಪುಕ್ಕಟೆ ಸಿಗುತ್ತೆ ಅಂತ ತರಬೇಡಿ. ವಜ್ರಬೆನ್ನಿನ ಪತಂಗಕ್ಕೆ ಹೊಡೆದ ಔಷಧಿ ಮೊದಲು ಬೀಳೋದು ಆ ಎಲೆಗಳ ಮೇಲೇ.

ಒಂದು ನಿಯಮ ಮರೀಬೇಡಿ. ಮರಿ ತಣ್ಣಗಿರುವಾಗ ಬಲವಂತವಾಗಿ ತಿನ್ನಿಸಬಾರದು. ಬಿಸಿ ಇಲ್ಲದೆ ತಿಂದಿದ್ದು ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತೆ. ಮೊದಲು ಬಿಸಿ, ಆಮೇಲೆ ನೀರು, ಆಮೇಲೆ ಊಟ. ಮೈ ಬಿಸಿಯಾದ ಮೇಲೆ ಭುಜ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಡಬಹುದು, ಪಕ್ಕದಲ್ಲೇ ಇದ್ದು ನೋಡಿಕೊಳ್ಳಿ. ಕೆಲವು ಅಲ್ಲೇ ನೀರು ಕುಡಿಯುತ್ತವೆ, ಹಿಕ್ಕೆಯೂ ಹಾಕುತ್ತವೆ. ಚೆನ್ನಾಗಿ ಒರೆಸಿ, ದೀಪದ ಕೆಳಗೆ ಒಣಗಿಸಿಯೇ ಬಿಡಿ. ಸಂಜೆ ಸ್ನಾನ ಬೇಡ.

ರಾತ್ರಿ ಮತ್ತು ಕರೆಂಟ್ ಹೋದಾಗ

ರಾತ್ರಿ ಕೆಂಪು ಬಲ್ಬು ಹಾಕೋ ಅಭ್ಯಾಸ ಬಿಡಿ, ಬೆಳಕಿದ್ದರೆ ಮರಿಗೆ ನಿದ್ದೆ ಕೆಡುತ್ತೆ. ಮನೆ ತೀರ ತಣ್ಣಗಿದ್ದರೆ ಬೆಳಕು ಕೊಡದ ಸೆರಾಮಿಕ್ ಹೀಟರ್ ಅನ್ನು ಥರ್ಮೋಸ್ಟಾಟ್ ಜೊತೆ ಬಳಸಿ. ಬಿಸಿಕಲ್ಲು ಅಂತ ಮಾರುವ ವಸ್ತು ಹೊಟ್ಟೆ ಸುಡುತ್ತೆ, ಬೇಡ. ಪೆಟ್ಟಿಗೆಯನ್ನ ನೆಲದಿಂದ ಎತ್ತಿ ಮೇಜಿನ ಮೇಲಿಟ್ಟು, ಮೂರು ಕಡೆ ಥರ್ಮಾಕೋಲ್ ಶೀಟ್ ಒತ್ತರಿಸಿದರೆ ಒಳಗಿನ ಬಿಸಿ ಎಷ್ಟೋ ಉಳಿಯುತ್ತೆ. ಕರೆಂಟ್ ಹೋದರೆ ಗಾಳಿಗೆ ದಾರಿ ಬಿಟ್ಟು ಕಂಬಳಿ ಹೊದಿಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಒಳಗಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಅದು ಮರಿಗಷ್ಟೇ ಅಲ್ಲ, ಮನೆಯವರಿಗೂ ಅಪಾಯ.

ವರ್ಷ ತುಂಬಿದ ಮೇಲೆ ಮಾತು ಬೇರೆ

ವರ್ಷ ದಾಟಿದ, ಚೆನ್ನಾಗಿ ಮೈ ತುಂಬಿಕೊಂಡ, ಹಿಕ್ಕೆ ಪರೀಕ್ಷೆಯಲ್ಲಿ ಏನೂ ಸಿಗದ ಪ್ರಾಣಿ ತಾನಾಗಿ ಮಲಗಲು ಹೊರಟರೆ ನಾನು ಬೇಡ ಅನ್ನಲ್ಲ. ಊಟ ನಿಲ್ಲಿಸಿದ ಮೇಲೂ ಹತ್ತು ಹದಿನಾಲ್ಕು ದಿನ ಬಿಸಿ ದೀಪ ಇರಲಿ, ಹೊಟ್ಟೆ ಖಾಲಿಯಾಗಲಿ. ಆಮೇಲೆ ಬೆಳಕು, ಬಿಸಿ ನಿಧಾನಕ್ಕೆ ಕಡಿಮೆ ಮಾಡಿ. ಕತ್ತಲಿನ ಅಡಗುತಾಣ, ಸದಾ ನೀರು, ಎರಡು ವಾರಕ್ಕೊಮ್ಮೆ ತೂಕ, ಇಷ್ಟು ಸಾಕು. ಎದ್ದಾಗ ಒಂದೇ ದಿನಕ್ಕೆ ಹೊಟ್ಟೆ ತುಂಬ ಕೊಡಬೇಡಿ, ಒಂದೆರಡು ದಿನ ಬಿಸಿ ಕಾಯಿಸಿಕೊಂಡ ಮೇಲೆ ಸ್ವಲ್ಪ ಸ್ವಲ್ಪವೇ ಶುರು ಮಾಡಿ. ಮಲಗಲಿಲ್ಲ ಅಂದರೂ ಏನೂ ನಷ್ಟ ಇಲ್ಲ. ಸಾಕಿದ ಎಲ್ಲವೂ ಚಳಿನಿದ್ದೆ ಮಾಡಲೇಬೇಕು ಅಂತೇನಿಲ್ಲ.

ಕೊಳ್ಳುವ ಮೊದಲು ಎರಡು ಮಾತು

ಮರಿಯ ವಯಸ್ಸು ಗೊತ್ತಿಲ್ಲದಿದ್ದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. 'ಎಂಟು ತಿಂಗಳಿದೆ' ಅಂತ ಬಾಯಿಮಾತಲ್ಲಿ ಹೇಳೋರನ್ನ ನಂಬಬೇಡಿ. ಎಲ್ಲಿ, ಯಾವಾಗ ಹುಟ್ಟಿದ್ದು, ತಂದೆತಾಯಿ ಪ್ರಾಣಿ ಯಾರ ಹತ್ತಿರ ಇವೆ, ಕಾಗದ ಏನಿದೆ ಅಂತ ಕೇಳಿ. ಆಸ್ಟ್ರೇಲಿಯಾ ತನ್ನ ಕಾಡುಪ್ರಾಣಿಗಳ ವಾಣಿಜ್ಯ ರಫ್ತನ್ನ ದಶಕಗಳ ಹಿಂದೆಯೇ ನಿಲ್ಲಿಸಿದೆ. ಈಗ ಸಾಕುತ್ತಿರುವವು ಬೇರೆ ಬೇರೆ ದೇಶಗಳಲ್ಲಿ ಪಂಜರದಲ್ಲೇ ಹುಟ್ಟಿದ ಸಂತತಿ. ಆದರೆ ವಿದೇಶಿ ಪ್ರಾಣಿಗಳ ಕಳ್ಳಸಾಗಣೆ ನಮ್ಮೂರಿಗೆ ಹೊಸದಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಾಗಳು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕವು. ಹಾಗೆ ಬ್ಯಾಗಿನಲ್ಲಿ ಬಂದ ಮರಿ ನೀರಿಲ್ಲದೆ, ಬಿಸಿ ಇಲ್ಲದೆ ಅರ್ಧ ಸತ್ತೇ ಬಂದಿರುತ್ತೆ. ಅದು ಮಲಗಿದರೆ ಅದಕ್ಕೆ ಯಾವ ಋತುವೂ ಕಾರಣ ಅಲ್ಲ.

ಕಾನೂನೂ ಬದಲಾಗಿದೆ. ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಾಲ್ಕನೇ ಶೆಡ್ಯೂಲಿನಲ್ಲಿರುವ ವಿದೇಶಿ ಜೀವಿಗಳನ್ನ ಇಟ್ಟುಕೊಂಡವರು ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ನಿಯಮ ಬಂದಿದೆ. ನೀವು ತರಬೇಕೆಂದಿರುವ ಪ್ರಾಣಿ ಆ ಪಟ್ಟಿಯಲ್ಲಿದೆಯಾ ಅಂತ ದುಡ್ಡು ಕೊಡೋ ಮೊದಲೇ ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ. ಸಾಕಲಾಗದೆ ಹೇರೋಹಳ್ಳಿ ಕೆರೆ ಏರಿ ಮೇಲೋ ಹಿತ್ತಲಿನಲ್ಲೋ ಬಿಟ್ಟುಬರೋದು ಪರಿಹಾರ ಅಲ್ಲ. ಅದಕ್ಕೂ ಒಳ್ಳೇದಲ್ಲ, ನಮ್ಮ ಓತಿಕ್ಯಾತಗಳಿಗೂ ಒಳ್ಳೇದಲ್ಲ.

ನವೆಂಬರ್‌ನಿಂದ ಜನವರಿವರೆಗೆ ಮರಿ ಕೊಳ್ಳಲೇಬೇಡಿ ಅನ್ನೋದು ನನ್ನ ಸಲಹೆ. ಹೊಸ ಜಾಗದ ಗಾಬರಿ, ಚಳಿ, ಹೊಸ ಊಟ ಮೂರೂ ಒಟ್ಟಿಗೆ ಬಿದ್ದರೆ ಯಾವುದರಿಂದ ಮರಿ ಮಲಗಿತು ಅಂತ ವೈದ್ಯರಿಗೂ ಹೇಳೋದು ಕಷ್ಟ. ಫೆಬ್ರವರಿ ಕೊನೆಯಲ್ಲಿ ಬಿಸಿಲು ಏರಿದ ಮೇಲೆ ತಂದರೆ ಮುಂದಿನ ಚಳಿಗಾಲದ ಹೊತ್ತಿಗೆ ಅದು ವರ್ಷದ ಹತ್ತಿರ ಬಂದಿರುತ್ತೆ, ಅದರ ಊಟ ತಿಂಡಿ ನಡೆ ನುಡಿ ನಿಮಗೂ ಗೊತ್ತಾಗಿರುತ್ತೆ.

ಈಗಾಗಲೇ ಮನೆಯಲ್ಲಿ ಮರಿ ಇರೋರು ಈ ಲೇಖನ ಓದಿ ಮುಗಿಸಿದ ಕೂಡಲೇ ಮಾಡಬೇಕಾದ್ದು ಎರಡೇ ಕೆಲಸ. ಮರಿಯನ್ನ ತಕ್ಕಡಿ ಮೇಲಿಟ್ಟು ತೂಕ ಬರೆದಿಡಿ, ಅದು ಮೈ ಕಾಯಿಸೋ ಕಲ್ಲಿನ ಬಿಸಿ ಅಳೆಯಿರಿ. ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ವೈದ್ಯರ ಜೊತೆ ಮಾತು ಅಲ್ಲಿಂದಲೇ ಶುರು ಮಾಡಬಹುದು.